ರೂಪ, ವರ್ಚಸ್ಸು ಮತ್ತು ಮತನಿಷ್ಠೆ: ಹಾನಗಲ್ ಸೀಮೆಯ ಅನುಭವ

ಚುನಾವಣೆಗೆ ನಿಂತವರ ಮುಖಲಕ್ಷಣ, ಮೈಕಟ್ಟು, ಉಡುಪು, ನಡಿಗೆ, ದನಿ ಇವೆಲ್ಲ ಮತದಾರರ ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ರಾಜ್ಯಶಾಸ್ತ್ರ ಮತ್ತು ಮನಶ್ಶಾಸ್ತ್ರಗಳು ನೂರು ವರ್ಷಗಳಿಂದ ಬೇರೆ ಬೇರೆ ದಾರಿಯಲ್ಲಿ ಅಳೆಯುತ್ತ ಬಂದಿವೆ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಈ ಪರಿಣಾಮ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ. ಸಿನಿಮಾ ನಾಯಕನೊಬ್ಬ ಶಾಸಕನಾಗಿ ಗೆದ್ದು, ಸೋತು, ಮತ್ತೆ ಗೆದ್ದು, ಮತ್ತೆ ಸೋತ ಕ್ಷೇತ್ರ ಇಲ್ಲಿದೆ. ಇಬ್ಬರೇ ವ್ಯಕ್ತಿಗಳು 40 ವರ್ಷ ಗೆಲುವನ್ನು ತಮ್ಮೊಳಗೆ ಹಂಚಿಕೊಂಡ ಕ್ಷೇತ್ರವೂ ಇದೆ. ಮುಖ್ಯಮಂತ್ರಿಯ ಪರವಾಗಿ ಚಿತ್ರನಟನೊಬ್ಬ ತೆರೆದ ವಾಹನ ಏರಿ ಬಂದ ಊರು, ಮುಂದಿನ ವರ್ಷವೇ ಆ ಮುಖ್ಯಮಂತ್ರಿಯ ಮಗನನ್ನು ಸೋಲಿಸಿದ್ದೂ ಇಲ್ಲಿಯೇ.

ಶಬ್ದಗಳಲ್ಲಿರುವ ಮುಖ

ಕನ್ನಡದ ಚುನಾವಣಾ ಭಾಷೆ ಮುಖದ ಸುತ್ತಲೇ ಬೆಳೆದಿದೆ. ನಾಯಕ ಎಂದರೆ ಮುಖಂಡ, ಮೊದಲ ಬಾರಿ ನಿಂತವನು ಹೊಸ ಮುಖ, ಸೋತರೆ ಮುಖಭಂಗ. ಒಬ್ಬ ರಾಜಕಾರಣಿಯ ಪ್ರಭಾವಕ್ಕೆ ಪತ್ರಿಕೆಗಳು ದಿನನಿತ್ಯ ಬಳಸುವ ‘ವರ್ಚಸ್ಸು’ ಎಂಬ ಮಾತಿನ ಮೂಲ ಅರ್ಥ ಕಾಂತಿ, ತೇಜಸ್ಸು. ಆಡುಮಾತಿನಲ್ಲಿ ಇದಕ್ಕೆ ಹತ್ತಿರವಾದದ್ದು ‘ಕಳೆ’. ಕಳೆ ಎಂದರೆ ಚೆಲುವು ಎಂದಷ್ಟೇ ಅಲ್ಲ. ಕಪ್ಪು ಬಣ್ಣದ, ಕುಳ್ಳಗಿನ, ಹಲ್ಲು ಉಬ್ಬಿದ ಮನುಷ್ಯನ ಮುಖದಲ್ಲೂ ಕಳೆ ಇರಬಹುದು. ತಿದ್ದಿದ ಗೊಂಬೆಯಂಥ ಮುಖದಲ್ಲಿ ಅದು ಇಲ್ಲದಿರಬಹುದು. ಗತ್ತು, ಠೀವಿ ಎಂಬ ಮಾತುಗಳು ನಿಲುವು, ನಡಿಗೆಗಳಿಗೆ ಸೇರಿದವು. ಪಕ್ಷಪಾತ ಮಾಡುವವರನ್ನು ಮುಖ ನೋಡಿ ಮಣೆ ಹಾಕುವವರು ಎಂದು ಜನ ಬಯ್ಯುತ್ತಾರೆ. ಹಾಗಾಗಿ ಮುಖ ತೀರ್ಮಾನವನ್ನು ಬಾಗಿಸುತ್ತದೆ ಎಂಬ ಅರಿವು ಸಂಶೋಧಕರು ಬರುವ ಮೊದಲೇ ಈ ಭಾಷೆಯಲ್ಲಿತ್ತು.

ಹಾವೇರಿ ಸೀಮೆಯಲ್ಲಿ ಮುಖಕ್ಕೆ ‘ಮಾರಿ’ ಎನ್ನುತ್ತಾರೆ. “ಆರಿಸಿ ಬಂದ ಮ್ಯಾಲ ನಮ್ಮೂರಾಗ ಮಾರಿ ತೋರ್ಸಿಲ್ಲ” ಎನ್ನುವುದು ಇಲ್ಲಿ ಶಾಸಕರ ಮೇಲಿನ ದೊಡ್ಡ ದೂರು. ಮಾರಿ ತೋರಿಸುವುದೆಂದರೆ ಬಂದು ಹೋಗುವುದು. ಮದುವೆಗೆ, ಮಣ್ಣಿಗೆ, ಜಾತ್ರೆಗೆ, ಮನೆ ಶಾಂತಿಗೆ ಹಾಜರಾಗುವುದು. ಒಂದೇ ಶಬ್ದದಲ್ಲಿ ಎರಡು ಸಂಗತಿಗಳು ಸೇರಿವೆ: ನೋಡಲು ಹೇಗಿದ್ದಾನೆ ಎಂಬುದು ಒಂದು, ನೋಡಲು ಸಿಗುತ್ತಾನೆಯೇ ಎಂಬುದು ಇನ್ನೊಂದು. ಈ ನಾಲ್ಕು ತಾಲ್ಲೂಕುಗಳ ಚುನಾವಣೆಗಳನ್ನು ಅರ್ಥಮಾಡಿಕೊಳ್ಳಲು ಇವೆರಡನ್ನು ಬೇರೆ ಮಾಡಿ ನೋಡುವುದು ಅಗತ್ಯ.

ಹೊರಗಿನ ಅಧ್ಯಯನಗಳು

1920ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಸೈನ್ಯಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದ. ಮೈಕಟ್ಟಿಗೆ ಒಳ್ಳೆಯ ಅಂಕ ಪಡೆದವರಿಗೆ ಬುದ್ಧಿ, ನಾಯಕತ್ವ, ನಡತೆಗಳಲ್ಲಿಯೂ ಒಳ್ಳೆಯ ಅಂಕ ಸಿಕ್ಕಿತ್ತು. ಒಂದು ಗುಣದ ಬೆಳಕು ಉಳಿದ ಗುಣಗಳ ಮೇಲೂ ಬೀಳುವುದನ್ನು ಆತ ದೇವರ ಚಿತ್ರಗಳ ತಲೆಯ ಹಿಂದಿನ ಪ್ರಭಾವಳಿಗೆ ಹೋಲಿಸಿದ. 1960ರ ಸೆಪ್ಟೆಂಬರ್ 26ರಂದು ಅಮೆರಿಕದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳಾದ ಜಾನ್ ಕೆನಡಿ ಮತ್ತು ರಿಚರ್ಡ್ ನಿಕ್ಸನ್ ನಡುವೆ ಟೆಲಿವಿಷನ್‌ನಲ್ಲಿ ನಡೆದ ಚರ್ಚೆ ಈ ಮಾತಿಗೆ ರಾಜಕೀಯದ ಉದಾಹರಣೆಯಾಯಿತು. ಕಾಯಿಲೆಯಿಂದ ಎದ್ದಿದ್ದ ನಿಕ್ಸನ್ ಬಿಳಿಚಿಕೊಂಡಿದ್ದರು, ಕೆನಡಿ ಲವಲವಿಕೆಯಿಂದ ಕಂಡರು.

2005ರಲ್ಲಿ ಅಲೆಕ್ಸಾಂಡರ್ ತೊಡೊರೊವ್ ಮತ್ತು ಸಂಗಡಿಗರು ಅಮೆರಿಕದ ಸೆನೆಟ್ ಅಭ್ಯರ್ಥಿಗಳ ಫೋಟೊಗಳನ್ನು ಅವರ ಪರಿಚಯವಿಲ್ಲದವರಿಗೆ ತೋರಿಸಿ, ಇಬ್ಬರಲ್ಲಿ ಸಮರ್ಥ ಯಾರು ಎಂದು ಕೇಳಿದರು. ಸಮರ್ಥನಾಗಿ ಕಂಡವನೇ ಸುಮಾರು 70 ಪ್ರತಿಶತ ಸ್ಪರ್ಧೆಗಳಲ್ಲಿ ಗೆದ್ದಿದ್ದ. 2009ರಲ್ಲಿ ಜಾನ್ ಅಂತೊನಾಕಿಸ್ ಮತ್ತು ಓಲಾಫ್ ದಾಲ್ಗಾಸ್ ಸ್ವಿಟ್ಜರ್ಲೆಂಡಿನ ಮಕ್ಕಳಿಗೆ ಫ್ರಾನ್ಸಿನ ಅಭ್ಯರ್ಥಿಗಳ ಫೋಟೊ ಕೊಟ್ಟು, ನಿಮ್ಮ ಹಡಗಿಗೆ ನಾಯಕನನ್ನು ಆರಿಸಿರಿ ಎಂದರು. ಮಕ್ಕಳ ಆಯ್ಕೆಯೂ ಬಹುಪಾಲು ಫಲಿತಾಂಶಕ್ಕೆ ಹೊಂದಿತು. ಪಕ್ಷದೊಳಗಿನ ವ್ಯಕ್ತಿಯನ್ನೇ ಮತದಾರ ಆರಿಸುವ ಫಿನ್ಲೆಂಡಿನಲ್ಲಿ ಚೆಲುವಿಗೂ ಮತಕ್ಕೂ ಇರುವ ನಂಟನ್ನು 2010ರ ಒಂದು ಅಧ್ಯಯನ ತೋರಿಸಿತು. 2011ರಲ್ಲಿ ಗೇಬ್ರಿಯಲ್ ಲೆಂಝ್ ಮತ್ತು ಚಾಪೆಲ್ ಲಾಸನ್ ಕಂಡುಕೊಂಡದ್ದು ಎಲ್ಲಕ್ಕಿಂತ ಉಪಯುಕ್ತವಾದುದು: ಅಭ್ಯರ್ಥಿಯ ವಿಷಯ ಕಡಿಮೆ ಗೊತ್ತಿದ್ದು ಟೆಲಿವಿಷನ್ ಹೆಚ್ಚು ನೋಡುವವರ ಮೇಲೆ ಮುಖದ ಪ್ರಭಾವ ಹೆಚ್ಚು.

ಈ ಅಧ್ಯಯನಗಳೆಲ್ಲ ಅಳೆದದ್ದು ಒಂದು ಚುನಾವಣೆಯ ಒಂದು ಮತವನ್ನು. ನಿಷ್ಠೆ ಬೇರೆಯದು. ಅದು ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ಬರುತ್ತದೆ, ಪಕ್ಷ ಬದಲಾದಾಗ ಇನ್ನೂ ಕಠಿಣವಾಗಿ ಪರೀಕ್ಷೆಗೆ ಬರುತ್ತದೆ. ಅಪರಿಚಿತನ ಮುಖವನ್ನು ಒಂದು ಕ್ಷಣ ನೋಡಿ ಹೇಳುವ ಮಾತಿಗೂ ಇಪ್ಪತ್ತು ವರ್ಷದಿಂದ ಕಂಡ ಮುಖದ ಬಗ್ಗೆ ಹಳ್ಳಿಯ ಕಟ್ಟೆಯಲ್ಲಿ ಕುಳಿತು ಹೇಳುವ ಮಾತಿಗೂ ಅಂತರವಿದೆ.

ಹಿರೇಕೆರೂರು: ತೆರೆಯ ಮುಖ

ಬಿ. ಸಿ. ಪಾಟೀಲ ಪೊಲೀಸ್ ಅಧಿಕಾರಿಯಾಗಿದ್ದುಕೊಂಡೇ ಸಿನಿಮಾಕ್ಕೆ ಬಂದವರು. 1998ರಲ್ಲಿ ಎಸ್. ಮಹೇಂದರ್ ನಿರ್ದೇಶನದ ‘ಕೌರವ’ ಚಿತ್ರದ ನಾಯಕನಾದ ಮೇಲೆ ಆ ಚಿತ್ರದ ಹೆಸರೇ ಅವರ ಹೆಸರಿನ ಮುಂದೆ ಸೇರಿತು. ಪುರಾಣದಲ್ಲಿ ಪ್ರತಿನಾಯಕರ ಕುಲದ ಹೆಸರಾದದ್ದು ಇಲ್ಲಿ ಅಭಿಮಾನದ ಬಿರುದಾಯಿತು. ಪೊಲೀಸ್ ಮೈಕಟ್ಟು, ಮೀಸೆ, ಗಡಸು ದನಿ ತೆರೆಯ ಮೇಲೆ ದುಡಿದಂತೆಯೇ ಪ್ರಚಾರ ಸಭೆಗಳಲ್ಲಿಯೂ ದುಡಿದವು. 2004ರಲ್ಲಿ ಜೆಡಿಎಸ್‌ನಿಂದ ಹಿರೇಕೆರೂರಿನಲ್ಲಿ ಗೆದ್ದರು, 2008ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ಪಕ್ಷ ಬದಲಾದರೂ ಮತ ಉಳಿಯಿತು. ಇದನ್ನು ನೋಡಿದವರು ನಟನ ವರ್ಚಸ್ಸು ಚಿಹ್ನೆಗಿಂತ ದೊಡ್ಡದು ಎಂದು ತೀರ್ಮಾನಿಸಿದ್ದರೆ ತಪ್ಪೇನಿಲ್ಲ.

ಮುಂದಿನ ಲೆಕ್ಕ ಆ ತೀರ್ಮಾನವನ್ನು ಅಲುಗಿಸುತ್ತದೆ. 2013ರಲ್ಲಿ ಕರ್ನಾಟಕ ಜನತಾ ಪಕ್ಷದ (ಕೆಜೆಪಿ) ಯು. ಬಿ. ಬಣಕಾರ ಪಾಟೀಲರನ್ನು ಸೋಲಿಸಿದರು. 2018ರಲ್ಲಿ ಪಾಟೀಲರು ಕಾಂಗ್ರೆಸ್‌ನಿಂದ, ಬಣಕಾರರು ಬಿಜೆಪಿಯಿಂದ ನಿಂತಾಗ ಪಾಟೀಲರು ಗೆದ್ದದ್ದು ಕೇವಲ 555 ಮತಗಳಿಂದ. 2019ರಲ್ಲಿ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿ ಡಿಸೆಂಬರ್‌ನ ಉಪಚುನಾವಣೆಗೆ ನಿಂತಾಗ ಅಂತರ 29,067ಕ್ಕೆ ಏರಿತು. ಒಂದೂವರೆ ವರ್ಷದಲ್ಲಿ ಮನುಷ್ಯನ ರೂಪ ಬದಲಾಗಿರಲಿಲ್ಲ. ಬದಲಾದದ್ದು ಎದುರಿನ ಸಾಲು: ಬಣಕಾರರು ಈ ಸಲ ಎದುರಾಳಿಯಾಗಿರಲಿಲ್ಲ, ಅದೇ ಪಕ್ಷದಲ್ಲಿದ್ದರು. ಪಾಟೀಲರು ಮುಂದೆ ಕೃಷಿ ಸಚಿವರಾದರು. ಬಣಕಾರರು ಕಾಂಗ್ರೆಸ್ ಸೇರಿ 2023ರಲ್ಲಿ ಎದುರು ನಿಂತಾಗ ಸಚಿವರು 15,020 ಮತಗಳಿಂದ ಸೋತರು.

ಆರು ಚುನಾವಣೆ, ಮೂರು ಪಕ್ಷ, ನಾಲ್ಕು ಗೆಲುವು, ಎರಡು ಸೋಲು. ಎರಡು ಸೋಲನ್ನೂ ಕೊಟ್ಟವರು ಒಬ್ಬರೇ, ಅದೂ ಸಿನಿಮಾದ ಬೆಳಕಿಲ್ಲದ, ಊರಿನ ನಂಟುಗಳನ್ನು ನೆಚ್ಚಿದ ರಾಜಕಾರಣಿ. ತೆರೆಯ ಮುಖ ಪಾಟೀಲರಿಗೆ ಕೊಟ್ಟದ್ದು ಮೊದಲ ಪರಿಚಯವನ್ನು. ಹೊಸಬನೊಬ್ಬ ಹತ್ತು ವರ್ಷ ಓಡಾಡಿ ಗಳಿಸಬೇಕಾದ ಪರಿಚಯ ಅವರಿಗೆ ಒಂದು ಚಿತ್ರದಲ್ಲಿ ದೊರಕಿತ್ತು. ಅದರಾಚೆಗೆ ಅವರ ಗೆಲುವೂ ಸೋಲೂ ಬೇರೆಲ್ಲ ರಾಜಕಾರಣಿಗಳಂತೆ ಎದುರಾಳಿ, ಪಕ್ಷ, ಜಾತಿಗಳ ಲೆಕ್ಕಕ್ಕೆ ಒಳಪಟ್ಟವು.

ಹಾನಗಲ್: ಇಬ್ಬರು ಮತ್ತು ಮೂರನೆಯವರು

1978ರಿಂದ 2018ರವರೆಗೆ ಹಾನಗಲ್ ಹತ್ತು ವಿಧಾನಸಭಾ ಚುನಾವಣೆ ಕಂಡಿತು. ಹತ್ತರಲ್ಲೂ ಗೆದ್ದವರು ಇಬ್ಬರೇ. ಸಿ. ಎಂ. ಉದಾಸಿ ಆರು ಸಲ (1983, 1985, 1994, 2004, 2008, 2018), ಮನೋಹರ ತಹಶೀಲ್ದಾರ ನಾಲ್ಕು ಸಲ (1978, 1989, 1999, 2013). ಇಬ್ಬರಲ್ಲಿ ಯಾರೂ ಸಿನಿಮಾದವರಲ್ಲ, ರೂಪಕ್ಕಾಗಿ ಹೆಸರಾದವರೂ ಅಲ್ಲ. ಉದಾಸಿಯವರು ಮೊದಲು ಗೆದ್ದದ್ದು ಪಕ್ಷೇತರರಾಗಿ. ಆಮೇಲೆ ಜನತಾ ಪಕ್ಷ, ಜನತಾ ದಳ, ಬಿಜೆಪಿ. ನಡುವೆ ಕೆಜೆಪಿಯಿಂದ ನಿಂತು 2013ರಲ್ಲಿ ಸೋತರು. ತಹಶೀಲ್ದಾರರು ಆ ನಾಲ್ಕೂ ಗೆಲುವನ್ನು ಕಾಂಗ್ರೆಸ್‌ನಲ್ಲಿಯೇ ಪಡೆದರು. ಒಬ್ಬರದು ಪಕ್ಷ ಬದಲಾದರೂ ಜೊತೆ ಬಂದ ನಿಷ್ಠೆ, ಇನ್ನೊಬ್ಬರದು ಪಕ್ಷದೊಂದಿಗೆ ಬೆರೆತ ನಿಷ್ಠೆ. ಎರಡೂ ಗುಂಪುಗಳು ಹೆಚ್ಚು ಕಡಿಮೆ ಸಮವಾಗಿದ್ದವು. ಅವುಗಳ ನಡುವೆ ಅತ್ತಿತ್ತ ಸರಿಯುತ್ತಿದ್ದ ಸಣ್ಣ ಪಾಲೇ ಪ್ರತಿ ಸಲ ಫಲಿತಾಂಶ ಬರೆಯಿತು.

ನಲವತ್ತು ವರ್ಷ ಒಂದೇ ಮುಖ ನೋಡುವುದರಿಂದ ಏನಾಗುತ್ತದೆ? ಮುಖ ಚೆಂದವೋ ಇಲ್ಲವೋ ಎಂಬ ಪ್ರಶ್ನೆಯೇ ಅಳಿಸಿಹೋಗುತ್ತದೆ. ಅಜ್ಜ ವೋಟು ಹಾಕಿದವರಿಗೆ ಮೊಮ್ಮಗನೂ ಹಾಕುತ್ತಾನೆ; ಆ ಮುಖ ಮನೆಯ ಹಿರಿಯರ ಮುಖದ ಹಾಗೆ ರೂಢಿಯಾಗಿರುತ್ತದೆ. ಪರಿಚಯವೇ ಇಲ್ಲಿ ಚೆಲುವಿನ ಸ್ಥಾನವನ್ನು ತುಂಬುತ್ತದೆ ಎಂದು ಹೇಳಬಹುದು.

ಉದಾಸಿಯವರು 2021ರ ಜೂನ್ 8ರಂದು ನಿಧನರಾದರು. ಅಕ್ಟೋಬರ್ 30ರ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನ ಶ್ರೀನಿವಾಸ ಮಾನೆ ಮತ್ತು ಬಿಜೆಪಿಯ ಶಿವರಾಜ ಸಜ್ಜನರ ಎದುರುಬದುರಾದರು. ಮಾನೆ 2018ರಲ್ಲಿ ಉದಾಸಿಯವರ ಎದುರು 6,514 ಮತಗಳಿಂದ ಸೋತಿದ್ದರು, ಹುಬ್ಬಳ್ಳಿಯಿಂದ ಬಂದ ಹೊರಗಿನವರು ಎಂಬ ಮಾತನ್ನೂ ಕೇಳಿದ್ದರು. ಸೋತ ಮೇಲೆ ಅವರು ಕ್ಷೇತ್ರ ಬಿಡಲಿಲ್ಲ. ಕೊರೊನಾ ಕಾಲದಲ್ಲಿ ಜನರ ಬಾಗಿಲಿಗೆ ಹೋದದ್ದು ಉಪಚುನಾವಣೆಯ ಉದ್ದಕ್ಕೂ ಚರ್ಚೆಯಾಯಿತು. ‘ಆಪದ್ಬಾಂಧವ’ ಎಂಬ ಮಾತು ಪ್ರಚಾರದಲ್ಲಿ ಕೇಳಿಬಂತು. ಎದುರಿಗೆ ಆಡಳಿತ ಪಕ್ಷವಿತ್ತು. ಪಕ್ಕದ ಶಿಗ್ಗಾಂವಿಯ ಶಾಸಕ ಬಸವರಾಜ ಬೊಮ್ಮಾಯಿ ಆಗಷ್ಟೇ ಮುಖ್ಯಮಂತ್ರಿಯಾಗಿ, ಸ್ವತಃ ಹಾನಗಲ್ಲಿನಲ್ಲಿ ಪ್ರಚಾರ ನಡೆಸಿದ್ದರು. ಮಾನೆ 7,373 ಮತಗಳಿಂದ ಗೆದ್ದರು, 2023ರಲ್ಲಿಯೂ ಗೆದ್ದರು. ಈ ಲೇಖನ ಚರ್ಚಿಸುವ ಪ್ರಶ್ನೆಗೆ ಹಾನಗಲ್ ಕೊಟ್ಟ ಉತ್ತರ ಇದು: ಹೊಸ ಮುಖವೊಂದು ಹಳೆಯ ಮುಖದ ಜಾಗಕ್ಕೆ ಬರಲು ಮೂರು ವರ್ಷ ಊರೂರು ತಿರುಗಿ ಮಾರಿ ತೋರಿಸಬೇಕಾಯಿತು.

ಶಿಗ್ಗಾಂವಿ–ಸವಣೂರು: ಎರವಲು ವರ್ಚಸ್ಸು

ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಅಲ್ಲಿ ಆಳುವವನನ್ನು ವಂಶ ನಿರ್ಧರಿಸುತ್ತಿತ್ತು. ಈಗ ಸವಣೂರು ಶಿಗ್ಗಾಂವಿ ವಿಧಾನಸಭಾ ಕ್ಷೇತ್ರದೊಳಗೆ ಬರುತ್ತದೆ. 1962ರಲ್ಲಿ ಹೊಸದುರ್ಗದಲ್ಲಿ ಸೋತಿದ್ದ ಎಸ್. ನಿಜಲಿಂಗಪ್ಪ 1967ರಲ್ಲಿ ಆರಿಸಿಬಂದದ್ದು ಶಿಗ್ಗಾಂವಿಯಿಂದ. ಆಗಿನ ರಾಜಕಾರಣಿಯ ರೂಪವನ್ನು ಖಾದಿ ಗೊತ್ತುಮಾಡಿತ್ತು. ಧೋತರ, ಜುಬ್ಬಾ, ಗಾಂಧಿ ಟೋಪಿ ಮುಖವನ್ನು ಹಿಂದಕ್ಕೆ ಸರಿಸಿ ಚಳವಳಿಯನ್ನು ಮುಂದೆ ತರುತ್ತಿದ್ದವು. ಸ್ವಾತಂತ್ರ್ಯ ಹೋರಾಟ ಮತ್ತು ಏಕೀಕರಣದ ನೆನಪು ಆ ಬಟ್ಟೆಯಲ್ಲಿಯೇ ಇತ್ತು. ಹೊಸರಿತ್ತಿಯ ಗುದ್ಲೆಪ್ಪ ಹಳ್ಳಿಕೇರಿಯವರಂಥ ಹೋರಾಟಗಾರರನ್ನು ಕಂಡ ಜನಕ್ಕೆ ಖಾದಿಯನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಇಂದಿಗೂ ಬಿಳಿ ಬಟ್ಟೆ ಉಳಿದಿದೆ, ಇಸ್ತ್ರಿಯ ಗರಿ ಹೆಚ್ಚಾಗಿದೆ.

ಬೊಮ್ಮಾಯಿ 2008ರಿಂದ ನಾಲ್ಕು ಸಲ ಸತತವಾಗಿ ಇಲ್ಲಿ ಗೆದ್ದರು. 2023ರ ಏಪ್ರಿಲ್ 19ರಂದು ಅವರು ನಾಮಪತ್ರ ಸಲ್ಲಿಸಿದಾಗ ಬಿಜೆಪಿ ಅಧ್ಯಕ್ಷ ಜೆ. ಪಿ. ನಡ್ಡಾ ಅವರೊಂದಿಗೆ ನಟ ಕಿಚ್ಚ ಸುದೀಪ್ ಶಿಗ್ಗಾಂವಿಗೆ ಬಂದಿದ್ದರು. ಬೊಮ್ಮಾಯಿಯವರನ್ನು ‘ಮಾಮ’ ಎಂದು ಕರೆಯುವ ಸುದೀಪ್, ತಮ್ಮ ಬೆಂಬಲ ವ್ಯಕ್ತಿಗೆ ಎಂದು ಅದೇ ತಿಂಗಳ ಆರಂಭದಲ್ಲಿ ಹೇಳಿದ್ದರು. ಬೊಮ್ಮಾಯಿ 35,978 ಮತಗಳಿಂದ ಗೆದ್ದರು. ಆದರೆ ಅದೇ ಚುನಾವಣೆಯಲ್ಲಿ ಹಾವೇರಿ ಜಿಲ್ಲೆಯ ಉಳಿದ ಐದೂ ಕ್ಷೇತ್ರಗಳು ಕಾಂಗ್ರೆಸ್ಸಿಗೆ ಹೋದವು. ಶಿಗ್ಗಾಂವಿಯ ಗೆಲುವನ್ನು ನಟನ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ. ಅದು ಹದಿನೈದು ವರ್ಷದ ಒಡನಾಟಕ್ಕೆ ಮತ್ತು ಮುಖ್ಯಮಂತ್ರಿಯ ಪದವಿಗೆ ಸೇರಿದ್ದು.

2024ರಲ್ಲಿ ಬೊಮ್ಮಾಯಿ ಲೋಕಸಭೆಗೆ ಹೋದಾಗ ತೆರವಾದ ಸ್ಥಾನಕ್ಕೆ ಮಗ ಭರತ ಬೊಮ್ಮಾಯಿ ನಿಂತರು. ಅಜ್ಜ ಎಸ್. ಆರ್. ಬೊಮ್ಮಾಯಿ, ತಂದೆ ಬಸವರಾಜ ಬೊಮ್ಮಾಯಿ ಇಬ್ಬರೂ ಮುಖ್ಯಮಂತ್ರಿಗಳಾಗಿದ್ದವರು. ಹೆಸರಿನ ಬಲ, ಯೌವನ, ಮನೆತನದ ಮುಖಛಾಯೆ ಎಲ್ಲವೂ ಇದ್ದವು. ಎದುರಿಗೆ ನಿಂತವರು ಹಿಂದಿನ ವರ್ಷ ತಂದೆಯ ಕೈಯಲ್ಲಿ ಸೋತಿದ್ದ ಕಾಂಗ್ರೆಸ್‌ನ ಯಾಸಿರ್ ಅಹ್ಮದ್ ಖಾನ್ ಪಠಾಣ್. ಪಠಾಣ್ 1,00,756 ಮತ ಪಡೆದು 13,448ರ ಅಂತರದಲ್ಲಿ ಗೆದ್ದರು. ಹದಿನೆಂಟು ತಿಂಗಳ ಅಂತರದಲ್ಲಿ ಅದೇ ಮನುಷ್ಯ ದೊಡ್ಡದಾಗಿ ಸೋತು ಸಾಕಷ್ಟು ಅಂತರದಲ್ಲಿ ಗೆದ್ದದ್ದು ರೂಪದಿಂದ ವಿವರಿಸಬಹುದಾದ ಸಂಗತಿಯಲ್ಲ. ಆಡಳಿತ ಪಕ್ಷ ಬದಲಾಗಿತ್ತು, ಕಾಂಗ್ರೆಸ್ ಸರಕಾರದ ಗ್ಯಾರಂಟಿ ಯೋಜನೆಗಳ ಹಣ ಮನೆಮನೆಗೆ ಬಂದಿತ್ತು. ಜೊತೆಗೆ, ತಂದೆಗಿದ್ದ ನಿಷ್ಠೆ ಮಗನ ಮುಖಕ್ಕೆ ತಾನಾಗಿ ವರ್ಗಾವಣೆಯಾಗಲಿಲ್ಲ. ನಟನಿಂದ ಬಂದ ವರ್ಚಸ್ಸೂ ಮನೆತನದಿಂದ ಬಂದ ವರ್ಚಸ್ಸೂ ಎರವಲೇ.

ಜಾತಿ, ಧರ್ಮ, ಹೆಣ್ಣು

ರೂಪವನ್ನು ಯಾರೂ ಬರಿಗಣ್ಣಿನಿಂದ ನೋಡುವುದಿಲ್ಲ. ಹಣೆಯ ವಿಭೂತಿ, ತಲೆಯ ರುಮಾಲು, ಹೆಗಲ ಮೇಲಿನ ಕಂಬಳಿ, ಟೋಪಿ, ಗಡ್ಡ ಇವು ಮುಖಕ್ಕಿಂತ ಮೊದಲು ಓದಿಸಿಕೊಳ್ಳುತ್ತವೆ. ಹಾನಗಲ್ಲಿನ ಕುಮಾರೇಶ್ವರ ಮಠ, ಕನಕದಾಸರ ಬಾಡ, ಶರೀಫರ ಶಿಶುವಿನಹಾಳ ಇರುವ ಈ ಸೀಮೆಯಲ್ಲಿ ಅಭ್ಯರ್ಥಿ ಎಲ್ಲಿ ತಲೆ ಬಾಗಿದ, ಯಾವ ಶಾಲು ಹೊದ್ದ ಎಂಬುದು ಫೋಟೊ ಆಗಿ ಅದೇ ಸಂಜೆ ಮೊಬೈಲಿಗೆ ಬರುತ್ತದೆ. ಇದನ್ನು ವೇಷವೆಂದು ತಳ್ಳಿಹಾಕುವುದು ಸರಿಯಲ್ಲ. ತಮ್ಮ ನಂಬಿಕೆಗೆ ಮರ್ಯಾದೆ ಸಿಕ್ಕಿತೇ ಎಂದು ಜನ ನೋಡುತ್ತಾರೆ, ಅದು ನ್ಯಾಯವಾದ ನೋಟ.

ಹೆಂಗಸರ ವಿಷಯದಲ್ಲಿ ಈ ನೋಟ ನ್ಯಾಯವಾಗಿಲ್ಲ. ಗಂಡಸಿನ ನರೆ ಅನುಭವವಾಗುತ್ತದೆ, ಹೆಣ್ಣಿನ ನರೆ ವಯಸ್ಸಾಗುತ್ತದೆ. ಚೆಲುವೆಯಾದರೆ ಕೆಲಸ ಬಾರದವಳು ಎನ್ನುವುದು, ಚೆಲುವೆಯಲ್ಲದಿದ್ದರೆ ಕಳೆಯಿಲ್ಲ ಎನ್ನುವುದು ನಡೆದೇ ಇದೆ. ಮಂಡ್ಯದಲ್ಲಿ 2013ರ ಉಪಚುನಾವಣೆ ಗೆದ್ದು ಮರುವರ್ಷ ಅಲ್ಪ ಅಂತರದಲ್ಲಿ ಸೋತ ನಟಿ ರಮ್ಯಾ, 2019ರಲ್ಲಿ ಅಲ್ಲಿಯೇ ಪಕ್ಷೇತರರಾಗಿ 1,25,876 ಮತಗಳಿಂದ ಗೆದ್ದ ಸುಮಲತಾ ಇಬ್ಬರೂ ಉಡುಪು, ನಗು, ಮನೆಯ ಸಂಗತಿಗಳ ಬಗ್ಗೆ ಗಂಡಸರಿಗೆ ಎಂದೂ ಬಾರದ ಮಾತುಗಳನ್ನು ಕೇಳಿದರು. ನಾಯಕಿಯ ಚೆಲುವಿನ ಚೌಕಟ್ಟಿಗೆ ಸೇರದ ಪಾತ್ರಗಳಿಂದ ಹೆಸರಾದ ಉಮಾಶ್ರೀ 2013ರಲ್ಲಿ ನೇಕಾರರ ತೇರದಾಳದಲ್ಲಿ ಗೆದ್ದದ್ದು ಕನ್ನಡದ ಅನುಭವದಲ್ಲಿ ಮುಖ್ಯವಾದ ಘಟನೆ. 2023ರಲ್ಲಿ ಹಾವೇರಿ ಜಿಲ್ಲೆಯ ಆರೂ ಕ್ಷೇತ್ರಗಳಲ್ಲಿ ಗೆದ್ದವರು ಗಂಡಸರು.

ಜಿಲ್ಲೆಯ ಹೊರಗಿನ ಎರಡು ಉದಾಹರಣೆ

ಹಾನಗಲ್, ಹಿರೇಕೆರೂರುಗಳಿಗೆ ನೆರೆಯಾದ ಸೊರಬದಲ್ಲಿ ಎಸ್. ಬಂಗಾರಪ್ಪ 1967ರಿಂದ 1994ರವರೆಗೆ ಏಳು ವಿಧಾನಸಭಾ ಚುನಾವಣೆ ಸೋಲಿಲ್ಲದೆ ಗೆದ್ದರು, ಹಲವು ಪಕ್ಷಗಳಿಂದ. ಚೆಂದದ ಉಡುಪು, ಬ್ಯಾಡ್ಮಿಂಟನ್, ಸಂಗೀತ, ಡೊಳ್ಳು ಎಲ್ಲವೂ ಅವರ ವರ್ಚಸ್ಸಿನಲ್ಲಿದ್ದವು. ಹಿಂದುಳಿದ ಗೇಣಿದಾರ ಕುಟುಂಬಗಳಿಗೆ ಆ ಠೀವಿ ತಮ್ಮವನೊಬ್ಬನ ತಲೆ ಎತ್ತಿದ ನಡಿಗೆಯಾಗಿ ಕಂಡಿತು. ರೂಪ ನಿಷ್ಠೆಯಾಗಿ ಗಟ್ಟಿಗೊಂಡದ್ದು ಅದು ಸ್ವಾಭಿಮಾನದೊಂದಿಗೆ ಬೆರೆತದ್ದರಿಂದ.

ಇನ್ನೊಂದು ಉದಾಹರಣೆ ಬಾಗಲಕೋಟೆಯದು. ಗಡ್ಡ, ಮಂದಹಾಸ, ತೂಕದ ಮಾತುಗಳಿಂದ ರಾಜ್ಯದ ಅತ್ಯಂತ ಆಕರ್ಷಕ ನಾಯಕರೆನಿಸಿದ್ದ ರಾಮಕೃಷ್ಣ ಹೆಗಡೆ 1991ರಲ್ಲಿ ಅಲ್ಲಿ ಲೋಕಸಭೆಗೆ ನಿಂತು ಕಾಂಗ್ರೆಸ್‌ನ ಸಿದ್ದು ನ್ಯಾಮಗೌಡರ ಎದುರು ಸೋತರು. ನ್ಯಾಮಗೌಡರು ರೈತರನ್ನು ಕೂಡಿಸಿ, ಅವರದೇ ಹಣ ಮತ್ತು ಶ್ರಮದಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿಸಿದವರು. ಹೊಲಕ್ಕೆ ನೀರು ಬಂದ ಊರಿನಲ್ಲಿ ಬ್ಯಾರೇಜೇ ಮುಖವಾಯಿತು.

ಮತಯಂತ್ರದ ಮೇಲಿನ ಫೋಟೊ

2015ರ ಮೇ 1ರ ನಂತರದ ಚುನಾವಣೆಗಳಿಂದ ಮತಯಂತ್ರದ ಮತಪತ್ರದಲ್ಲಿ ಅಭ್ಯರ್ಥಿಯ ಫೋಟೊ ಹಾಕುವುದನ್ನು ಚುನಾವಣಾ ಆಯೋಗ ಜಾರಿಗೆ ತಂದಿತು. ಒಂದೇ ಹೆಸರಿನವರು ನಿಂತಾಗ ಆಗುವ ಗೊಂದಲ ತಪ್ಪಿಸುವುದು ಉದ್ದೇಶ; 2019ರ ಮಂಡ್ಯದಲ್ಲಿ ಸುಮಲತಾ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಫೋಟೊದಲ್ಲಿ ಸಮವಸ್ತ್ರ ಇರಬಾರದು, ಟೋಪಿ ಮತ್ತು ಕಪ್ಪು ಕನ್ನಡಕ ಬೇಡ. ತಮಿಳುನಾಡಿನಲ್ಲಿ ನಟನಾಗಿದ್ದು ಮುಖ್ಯಮಂತ್ರಿಯಾದ ಎಂ. ಜಿ. ರಾಮಚಂದ್ರನ್ ಅವರ ಬಿಳಿ ಟೋಪಿ, ಕಪ್ಪು ಕನ್ನಡಕವನ್ನು ನೆನೆದರೆ ಈ ನಿಯಮದ ತೂಕ ತಿಳಿಯುತ್ತದೆ. 2025ರ ಬಿಹಾರ ಚುನಾವಣೆಯಿಂದ ಫೋಟೊ ಬಣ್ಣದ್ದಾಗಿದೆ, ಚೌಕದ ಮುಕ್ಕಾಲು ಭಾಗ ಮುಖವೇ ಇರಬೇಕೆಂದಾಗಿದೆ. ಓದು ಬಾರದವರಿಗಾಗಿ 1951–52ರಲ್ಲಿ ಚಿಹ್ನೆ ಬಂದಿತ್ತು. ಈಗ ಚಿಹ್ನೆಯ ಪಕ್ಕದಲ್ಲಿ ಮುಖ ಬಂದಿದೆ. ಗುಂಡಿ ಒತ್ತುವ ಕೊನೆಯ ಕ್ಷಣದಲ್ಲಿ ಕಣ್ಣಿಗೆ ಬೀಳುವುದು ಆ ಮುಖ. ಅಭ್ಯರ್ಥಿಗಳ ಪರಿಚಯವೇ ಇಲ್ಲದೆ ಬಂದ ಮತದಾರನ ಮೇಲೆ ಇದರ ಪರಿಣಾಮ ಇದ್ದೇ ಇರುತ್ತದೆ.

ಆದರೆ ನೋಟಕ್ಕೆ ಸಿಗುವ ಮೆಚ್ಚುಗೆಯೆಲ್ಲ ಮತವಾಗುವುದಿಲ್ಲ. ಹಾವೇರಿ ಸೀಮೆಯಲ್ಲಿ ದೀಪಾವಳಿಯ ಸುತ್ತಮುತ್ತ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಕೊಬ್ಬರಿ ಸರ, ಬಲೂನು ಕಟ್ಟಿದ ಹೋರಿಗಳ ಅಂದಕ್ಕೆ ಜನ ಕೇಕೆ ಹಾಕುತ್ತಾರೆ. ಆದರೆ ವರ್ಷಗಟ್ಟಲೆ ಹೆಸರು ಉಳಿಯುವುದು ಓಡಿ ತಪ್ಪಿಸಿಕೊಂಡ ಹೋರಿಗೆ. ಅಂದಕ್ಕೆ ಒಂದು ಬೆಲೆ, ಓಟಕ್ಕೆ ಇನ್ನೊಂದು ಬೆಲೆ ಎಂದು ಬೇರೆ ಬೇರೆಯಾಗಿ ಕಟ್ಟಬಲ್ಲ ಜನ ಇವರು. ಸಿನಿಮಾ ನಟನನ್ನು ನೋಡಲು ಸೇರಿದ ಗುಂಪನ್ನು ಮತದ ಗುಂಪೆಂದು ಎಣಿಸುವವರು ಇದನ್ನು ಗಮನಿಸಬೇಕು.

ಮತಗಟ್ಟೆವಾರು ಫಲಿತಾಂಶವನ್ನು ಚುನಾವಣಾಧಿಕಾರಿಗಳು ನಮೂನೆ 20ರಲ್ಲಿ ಪ್ರಕಟಿಸುತ್ತಾರೆ. ಅಭ್ಯರ್ಥಿಗಳ ಫೋಟೊ ಹತ್ತು ವರ್ಷಗಳಿಂದ ಮತಪತ್ರದ ಮೇಲಿದೆ. ಈ ಎರಡನ್ನೂ ಪಕ್ಕದಲ್ಲಿಟ್ಟು, ಫೋಟೊಗಳನ್ನು ಬೀದರಿನದೋ ಕಾಸರಗೋಡಿನದೋ ಶಾಲೆಯ ಮಕ್ಕಳಿಗೆ ತೋರಿಸಿ ಕೇಳಿದರೆ, ಹೊರಗಿನವರ ಕಣ್ಣಿಗೆ ಕಂಡ ಸಮರ್ಥನೂ ಊರಿನವರು ಗೆಲ್ಲಿಸಿದವನೂ ಒಬ್ಬನೇ ಆಗಿದ್ದಾನೆಯೇ ಎಂಬುದು ತಿಳಿಯುತ್ತದೆ. ಕಳೆ, ಗತ್ತು, ಮಾರಿ ತೋರಿಸುವುದು ಎಂಬ ಮಾತುಗಳಿಗೆ ಜನ ಕೊಡುವ ಅರ್ಥವನ್ನು ಊರೂರಿನಲ್ಲಿ ಕೇಳಿ ಬರೆದುಕೊಳ್ಳುವ ಕೆಲಸವೂ ಇದೆ. ಅದಕ್ಕೆ ತಕ್ಕ ಸಂಸ್ಥೆ ಈ ನೆಲದಲ್ಲಿಯೇ ಇದೆ: ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ.